ಖಂಡನೆಯಿಂದ ವಿನಂತಿಯವರೆಗೆ

ಮೈಸೂರಿನ ಸರಸ್ವತಿಪುರಂ ವಿದ್ಯಾದೇವತೆಯ ಹೆಸರು ಹೊತ್ತ ಬಡಾವಣೆ. ಒಂದು ಬದಿಗೆ ಕುಕ್ಕರಹಳ್ಳಿ ಕೆರೆ, ಕೆರೆಯಾಚೆ ಮಾನಸಗಂಗೋತ್ರಿ. ಪಾಠ ಹೇಳುವವರು, ಪಾಠ ಕೇಳುವವರು, ನಿವೃತ್ತರಾಗಿ ಬೆಳಗಿನ ಹೊತ್ತು ಕೆರೆ ಏರಿಯ ಮೇಲೆ ನಡೆಯುವವರು ಇಲ್ಲಿ ಹೆಚ್ಚು. ಡಿಸೆಂಬರ್ ಬಂತೆಂದರೆ ಇಂಥ ಬಡಾವಣೆಗಳ ಯಾವುದಾದರೊಂದು ಅಡ್ಡರಸ್ತೆಯ ಮನೆ ಮುಂದೆ ಕಾಗದದ ನಕ್ಷತ್ರ ತೂಗುತ್ತದೆ. ಹಬ್ಬದ ದಿನ ಆ ಮನೆಯಿಂದ ಪಕ್ಕದ ಮನೆಗೆ ತಿಂಡಿಯ ತಟ್ಟೆ ಹೋಗುತ್ತದೆ. ಯುಗಾದಿಗೆ ಅದೇ ತಟ್ಟೆಯಲ್ಲಿ ಒಬ್ಬಟ್ಟು ಹಿಂದಿರುಗುತ್ತದೆ. ಕೊಟ್ಟ ಪಾತ್ರೆ ಬರಿದಾಗಿ ಮರಳಬಾರದು ಎಂಬುದು ಈ ಸೀಮೆಯ ಹಳೆಯ ಮರ್ಯಾದೆ.

ತಟ್ಟೆ ಹೋದ ಮೇಲೆ ಒಂದು ಪ್ರಶ್ನೆಯೂ ಬರುವುದುಂಟು. 'ನಕ್ಷತ್ರ ಯಾಕೆ ಕಟ್ಟಿದ್ದೀರಿ? ನಿಮ್ಮ ದೇವರು ದನದ ಕೊಟ್ಟಿಗೆಯಲ್ಲಿ ಯಾಕೆ ಹುಟ್ಟಿದ?' ಎಂದು ಪಕ್ಕದ ಮನೆಯ ಮಗು ಕೇಳಿದರೆ ಏನು ಹೇಳಬೇಕು? ತನ್ನ ನಂಬಿಕೆಯನ್ನು ಮುಚ್ಚಿಡದೆ, ಕೇಳಿದವರ ನಂಬಿಕೆಯನ್ನು ಹಳಿಯದೆ ಉತ್ತರ ಕೊಡುವುದು ಹೇಗೆ? ನೋಡಲು ಸಣ್ಣ ಪ್ರಶ್ನೆ. ಆದರೆ ಕನ್ನಡ ನಾಡಿನಲ್ಲಿ ಇದಕ್ಕೆ ಮುನ್ನೂರೈವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಒಡೆದ ಮನೆಗಳಿವೆ, ಬತ್ತಿದ ಉತ್ಸಾಹವಿದೆ. ಕನ್ನಡಿಗರೆಲ್ಲರೂ ಇಂದಿಗೂ ಉಣ್ಣುತ್ತಿರುವ ಫಲವೂ ಇದೆ.

ಪೇತ್ರನ ಪತ್ರದ ಷರತ್ತು

ಪ್ರಶ್ನೆ ಇದಕ್ಕಿಂತಲೂ ಹಳೆಯದು. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಪೇತ್ರನ ಹೆಸರಿನ ಎರಡು ಪತ್ರಗಳಿವೆ. ಮೊದಲನೆಯದು ಇಂದಿನ ಟರ್ಕಿ ದೇಶದ ಭಾಗವಾಗಿರುವ ಪ್ರಾಂತಗಳಲ್ಲಿ ಚದುರಿಹೋಗಿದ್ದ ಕ್ರೈಸ್ತರಿಗೆ ಬರೆದದ್ದು. ಅವರು ಅಲ್ಲಿ ಅಲ್ಪಸಂಖ್ಯಾತರು. ನೆರೆಹೊರೆಯವರ ಅನುಮಾನಕ್ಕೂ ನಿಂದೆಗೂ ಗುರಿಯಾದವರು. ಅವರಿಗೆ ಪತ್ರದ ಮೂರನೆಯ ಅಧ್ಯಾಯ ಕೊಡುವ ಸಲಹೆಯ ಸಾರ ಇಷ್ಟು: ನಿಮ್ಮೊಳಗಿರುವ ನಿರೀಕ್ಷೆಗೆ ಕಾರಣವೇನೆಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಆ ಉತ್ತರದಲ್ಲಿ ಸೌಮ್ಯತೆಯೂ ಭಯಭಕ್ತಿಯೂ ಇರಲಿ.

ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದಾಗಿ, ಮಾತು ಶುರುವಾಗುವುದು ಕೇಳುವವನಿಂದ. ಹೇಳುವವನದು ಉತ್ತರವೇ ಹೊರತು ದಾಳಿಯಲ್ಲ. ಎರಡನೆಯದಾಗಿ, ಕೇಳುವವನು ಕೇಳುವುದು ಸಿದ್ಧಾಂತವನ್ನಲ್ಲ, ನಿರೀಕ್ಷೆಯನ್ನು. ಕಷ್ಟದಲ್ಲೂ ಇವರು ಎದೆಗುಂದದೆ ಇದ್ದಾರಲ್ಲ, ಯಾವುದರ ಬಲದಿಂದ ಎಂಬ ಕುತೂಹಲ ಅವನದು. ಮೂರನೆಯದು, ಉತ್ತರ ಎಷ್ಟು ಮುಖ್ಯವೋ ಉತ್ತರಿಸುವ ರೀತಿಯೂ ಅಷ್ಟೇ ಮುಖ್ಯ ಎಂಬುದು.

ಈ ಮಾತು ಕನ್ನಡಕ್ಕೆ ಬಂದಾಗ ಅನುವಾದಕರ ಮುಂದೆ ಪದಗಳ ಆಯ್ಕೆಯ ಸಮಸ್ಯೆ ನಿಂತಿತು. ಗ್ರೀಕಿನ 'ಎಲ್ಪಿಸ್' ಎಂಬುದಕ್ಕೆ ಕನ್ನಡದಲ್ಲಿ ಏನನ್ನಬೇಕು? 'ಆಸೆ' ಎನ್ನಬಹುದಿತ್ತು. ಆದರೆ ಆಸೆಯೇ ದುಃಖಕ್ಕೆ ಮೂಲ ಎಂದು ಕೇಳಿ ಬೆಳೆದ ನಾಡಿದು. ಜೈನ, ಶರಣ, ದಾಸ ಪರಂಪರೆಗಳೆಲ್ಲವೂ ಆಸೆಯನ್ನು ಬಿಡಲು ಹೇಳಿದವು. ಅಂಥ ಕಡೆ ದೇವರು ಆಸೆ ಕೊಡುತ್ತಾನೆ ಎಂದರೆ ಕೇಳಿದವರು ನಗುತ್ತಿದ್ದರು. ಕನ್ನಡ ಬೈಬಲಿನಲ್ಲಿ ನೆಲೆನಿಂತ ಪದ 'ನಿರೀಕ್ಷೆ'. ನೋಡುವುದು ಎಂಬ ಅರ್ಥದ ಧಾತುವಿನಿಂದ ಬಂದ ಮಾತು ಅದು. ಬರುವವರಿಗಾಗಿ ದಾರಿ ನೋಡುತ್ತಾ ನಿಲ್ಲುವುದು. ಇತ್ತೀಚೆಗೆ 'ಭರವಸೆ' ಎಂಬ ಪದವೂ ಜೊತೆಯಲ್ಲಿ ಬಳಕೆಯಲ್ಲಿದೆ.

ಇನ್ನೊಂದು ಪದ 'ಫೋಬೋಸ್'. ಅದರ ನೇರ ಅರ್ಥ ಭಯ. ಆದರೆ ದೇವರ ಎದುರಿನ ಭಯ ಹುಲಿಯ ಎದುರಿನ ಭಯವಲ್ಲ. ಕನ್ನಡಕ್ಕೆ ಇದನ್ನು ವಿವರಿಸುವ ಕಷ್ಟವೇ ಇರಲಿಲ್ಲ. 'ಭಯಭಕ್ತಿ' ಎಂಬ ಜೋಡುಪದ ಇಲ್ಲಿ ಮೊದಲೇ ಇತ್ತು. ದೇವರ ಮನೆಗೆ ಹೋಗುವಾಗ ಅಜ್ಜಿ ಮೊಮ್ಮಕ್ಕಳಿಗೆ ಹೇಳುವ ಮಾತು ಅದು. ಆ ಮಾತೇ ಬೈಬಲಿನ ಪುಟಗಳಿಗೂ ಬಂತು. ಹೊರಗಿನಿಂದ ಬಂದ ಧರ್ಮವೊಂದು ತನ್ನ ಒಳಗಿನ ಭಾವವನ್ನು ಹೇಳಿಕೊಳ್ಳಲು ನೆರೆಮನೆಯ ಮಾತನ್ನೇ ಎರವಲು ಪಡೆಯಬೇಕಾಯಿತು. ಆ ಎರವಲೇ ಮುಂದಿನ ಚರಿತ್ರೆಗೆ ದಾರಿ ತೋರಿತು.

ಶ್ರೀರಂಗಪಟ್ಟಣದ ದೊಡ್ಡಸ್ವಾಮಿ

ಮೈಸೂರು ಸೀಮೆಗೆ ಕ್ರೈಸ್ತ ಬೋಧಕರು ಬಂದದ್ದು 17ನೇ ಶತಮಾನದ ಮಧ್ಯಭಾಗದಲ್ಲಿ. ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದಾಗ ಆಳುತ್ತಿದ್ದವರು ಕಂಠೀರವ ನರಸರಾಜ ಒಡೆಯರು. ಚಿನ್ನಮಿ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಕನ್ನಡ ಕಲಿತದ್ದು. ವ್ಯಾಕರಣ, ಪದಕೋಶ, ಧರ್ಮೋಪದೇಶದ ಪುಸ್ತಕಗಳನ್ನು ಅವರು ಸಿದ್ಧಪಡಿಸಿದರು. ಇದೇ ಶತಮಾನದ ಆರಂಭದಲ್ಲಿ ಮಧುರೆಯಲ್ಲಿ ರಾಬರ್ಟೊ ಡಿ ನೊಬಿಲಿ ಕಾವಿ ಉಟ್ಟು, ಸಸ್ಯಾಹಾರಿಯಾಗಿ, ಸಂಸ್ಕೃತ ಕಲಿತು ಪಂಡಿತರೊಡನೆ ಕುಳಿತಿದ್ದರು. ಕೇಳುಗನ ನಡೆನುಡಿಗೆ ಬಾಗದೆ ಮಾತು ಮುಟ್ಟದು ಎಂಬುದು ಆಗಲೇ ಕೆಲವರಿಗೆ ತಿಳಿದಿತ್ತು.

ಆದರೆ ವೇಷ ಬದಲಿಸಿದ ಮಾತ್ರಕ್ಕೆ ಗೌರವ ಬಂದುಬಿಡುವುದಿಲ್ಲ. ಇದಕ್ಕೆ ದೊಡ್ಡ ಉದಾಹರಣೆ ಅಬೆ ದುಬೊಯ್. ಫ್ರಾನ್ಸಿನ ಈ ಪಾದ್ರಿ 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ ಚದುರಿಹೋಗಿದ್ದ ಶ್ರೀರಂಗಪಟ್ಟಣದ ಕ್ರೈಸ್ತರನ್ನು ಒಂದುಗೂಡಿಸುವ ಕೆಲಸ ಅವರ ಪಾಲಿಗೆ ಬಂತು. ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಕರೆಯಲಾಗುವ ಚರ್ಚು ಈಗಲೂ ಇದೆ. ದೇಶೀಯರಂತೆ ಉಟ್ಟು, ದೇಶೀಯರಂತೆ ಉಂಡು ಅವರು ದಶಕಗಳನ್ನು ಕಳೆದರು. ಹಾಸನದ ಸುತ್ತ ನೆಲೆಯಿಲ್ಲದವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬಿನ ವಿರುದ್ಧ ಹಾಲು ಹಾಕುವ ಹೊಸ ಪದ್ಧತಿ ಬಂದಾಗ ಜನರನ್ನು ಒಪ್ಪಿಸಿ 1803-04ರ ಅವಧಿಯಲ್ಲಿ 25,432 ಜನರಿಗೆ ಅದನ್ನು ಹಾಕಿಸಿದರೆಂದು ದಾಖಲೆ ಹೇಳುತ್ತದೆ. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು.

ಹೀಗಿದ್ದೂ 1823ರಲ್ಲಿ ಅವರು ತಾಯ್ನಾಡಿಗೆ ಮರಳಿದ್ದು ನಿರಾಶರಾಗಿ. ಅದೇ ವರ್ಷ ಹೊರಬಂದ ತಮ್ಮ ಪತ್ರರೂಪದ ಪುಸ್ತಕದಲ್ಲಿ, ಹಿಂದೂಗಳ ನಡುವೆ ಕ್ರೈಸ್ತಧರ್ಮ ಬೇರು ಬಿಡುವ ಸಂಭವವೇ ಇಲ್ಲ ಎಂದು ವಾದಿಸಿದರು. ಮೂರು ದಶಕಗಳ ದುಡಿಮೆಯ ಕೊನೆಗೆ ಬೋಧಕನೊಬ್ಬ ತನ್ನ ಕೆಲಸದ ಬಗೆಗೇ ಬರೆದ ತೀರ್ಪು ಅದು.

ದುಬೊಯ್ ಅವರನ್ನು ಜಗತ್ತು ನೆನೆಯುವುದು ಇನ್ನೊಂದು ಪುಸ್ತಕಕ್ಕಾಗಿ. ಹಿಂದೂಗಳ ಆಚಾರ, ನಡವಳಿಕೆ, ಪೂಜಾವಿಧಿಗಳನ್ನು ಕುರಿತ ಆ ಹಸ್ತಪ್ರತಿಯನ್ನು ಮದರಾಸು ಸರ್ಕಾರ 1807ರಲ್ಲಿ ಕೊಂಡುಕೊಂಡಿತು. ಇಂಗ್ಲಿಷ್ ಅನುವಾದ 1816ರಲ್ಲಿ ಅಚ್ಚಾಯಿತು. ಅದರ ಬಹುಭಾಗ ಕೂರ್ದೂ ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಬರಹವನ್ನು ಆಧರಿಸಿದ್ದೆಂದು 1987ರಲ್ಲಿ ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ ತೋರಿಸಿಕೊಟ್ಟರು. ಅದೇನೇ ಇರಲಿ, ಆ ಪುಸ್ತಕದ ಪುಟಪುಟದಲ್ಲೂ ಕುತೂಹಲವಿದೆ, ಜೊತೆಗೆ ತಾತ್ಸಾರವೂ ಇದೆ. ನೆರೆಯವನ ಮನೆಯಲ್ಲಿ ಮೂವತ್ತು ವರ್ಷ ಉಂಡು, ಅವನ ದೇವರ ಮನೆಯಲ್ಲಿ ಮಾತ್ರ ಏನೂ ಕಾಣದೆ ಹೋದಂತೆ. ಕೇಳುಗನಲ್ಲಿ ಗೌರವ ಮೂಡದಿದ್ದ ಕಡೆ ಅವನ ಬಗೆಗಿನ ನಿರೀಕ್ಷೆಯೂ ಉಳಿಯಲಿಲ್ಲ. ಅವರು ಜನರಿಗಾಗಿ ಮಾಡಿದ್ದು ಮಾತ್ರ ಉಳಿಯಿತು.

ಗದ್ದಲದ ನಡುವೆ ಗ್ರಂಥಮಾಲೆ

ಮುಂದಿನ ಅಂಕ ನಡೆದದ್ದು ಬಳ್ಳಾರಿ, ಮಂಗಳೂರು, ಧಾರವಾಡಗಳಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರ ಮುಂದಾಳತ್ವದಲ್ಲಿ ಸಿದ್ಧವಾದ ಪೂರ್ಣ ಕನ್ನಡ ಬೈಬಲ್ ಹೊರಬಂದದ್ದು 1831ರಲ್ಲಿ. ಅವರ ಸಹೋದ್ಯೋಗಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದರು.

ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ ಮಂಗಳೂರಿಗೆ ಬಂದದ್ದು 1836ರಲ್ಲಿ. 1843ರ ಜುಲೈ 1ರಂದು ಅವರು ಆರಂಭಿಸಿದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಅದಾದ ಆರೇ ತಿಂಗಳಿಗೆ, 1844ರ ಜನವರಿಯಲ್ಲಿ, ಆನಂದರಾವ್ ಕೌಂಡಿನ್ಯ ಮತ್ತು ಇನ್ನಿಬ್ಬರು ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದರು. ಊರಿಗೆ ಊರೇ ಅಲ್ಲೋಲಕಲ್ಲೋಲವಾಯಿತು. ಮಿಷನ್ನಿನ ವರದಿಗಳಿಗೆ ಅದು ವಿಜಯದ ದಿನ. ಆ ಮನೆಗಳ ತಂದೆ ತಾಯಿಗೆ ಮಗ ಬದುಕಿದ್ದೂ ಇಲ್ಲವಾದ ದಿನ. ನಂಬಿಕೆಯನ್ನು ಹಂಚಿಕೊಳ್ಳುವುದು ಎಂಬ ಮೃದುವಾದ ಮಾತಿನ ಹಿಂದೆ ಇಂಥ ನೋವೂ ಇದೆಯೆಂಬುದನ್ನು ಮರೆತು ಈ ಚರಿತ್ರೆಯನ್ನು ಬರೆಯಲಾಗದು. ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ವಿಗ್ರಹಾರಾಧನೆಯನ್ನು ಹಳಿದ ಬೋಧಕರೂ ಆ ಕಾಲದಲ್ಲಿ ಇದ್ದರು. ಖಂಡನೆಗೆ ಪ್ರತಿಖಂಡನೆಯೂ ಬಂತು. ಇಂಥ ಕಡೆ ಪ್ರಶ್ನೆಯೂ ಇರಲಿಲ್ಲ, ಉತ್ತರವೂ ಇರಲಿಲ್ಲ. ಇದ್ದದ್ದು ಏರಿದ ದನಿಗಳು ಮಾತ್ರ.

ಆದರೆ ಅದೇ ಮೊಗ್ಲಿಂಗ್ ಮಾಡಿದ ಇನ್ನೊಂದು ಕೆಲಸವಿದೆ. ಜನರಿಗೆ ಹೇಳಬೇಕಾದರೆ ಜನ ಏನು ಹಾಡುತ್ತಾರೆ, ಏನು ಓದುತ್ತಾರೆ ಎಂದು ಮೊದಲು ತಿಳಿಯಬೇಕು ಎಂಬ ಹಂಬಲದಿಂದ ಅವರು ಓಲೆಗರಿಗಳ ಕಡೆ ತಿರುಗಿದರು. ಕ್ಯಾಸಾಮೇಜರ್ ಎಂಬ ನಿವೃತ್ತ ಅಧಿಕಾರಿಯ ಹಣದ ನೆರವಿನಿಂದ 1848ರಿಂದ 1853ರ ನಡುವೆ 'ಬಿಬ್ಲಿಯೊತೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಕನ್ನಡ ಗ್ರಂಥಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಈ ಮಾಲೆಯಲ್ಲಿ ಬೆಳಕು ಕಂಡವು. ಪುರಂದರ, ಕನಕರ ಪದಗಳನ್ನು ಮೊಟ್ಟಮೊದಲು ಅಚ್ಚಿಗೆ ತಂದವರ ಸಾಲಿನಲ್ಲಿ ಒಬ್ಬ ಕ್ರೈಸ್ತ ಬೋಧಕ ನಿಂತಿದ್ದಾನೆ ಎಂಬುದು ಕನ್ನಡ ಸಾಹಿತ್ಯ ಚರಿತ್ರೆಯ ಅಪೂರ್ವ ಸಂಗತಿ. ಹೇಳಲು ಬಂದವನು ಕೇಳಲು ಕುಳಿತದ್ದರ ಫಲ ಅದು.

ಕಿಟ್ಟೆಲರು ಕಂಡ ದಾರಿ

ಕೇಳುವ ಈ ದಾರಿಯಲ್ಲಿ ಎಲ್ಲರಿಗಿಂತ ದೂರ ನಡೆದವರು ಫರ್ಡಿನೆಂಡ್ ಕಿಟ್ಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರು 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಅವರ ಕಾರ್ಯಕ್ಷೇತ್ರ. 1862ರಲ್ಲಿ ಅವರು ಪ್ರಕಟಿಸಿದ 'ಕಥಾಮಾಲೆ' ಯೇಸುವಿನ ಕಥೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳುವ ಪ್ರಯತ್ನ. ಜರ್ಮನ್ ರಾಗಕ್ಕೆ ಕನ್ನಡ ಪದಗಳನ್ನು ತುರುಕುವ ಬದಲು ಕನ್ನಡಿಗನ ಕಿವಿಗೆ ಹತ್ತಿರವಾದ ಮಟ್ಟಿನಲ್ಲೇ ಹೇಳೋಣ ಎಂಬುದು ಅವರ ಆಲೋಚನೆ.

ಛಂದಸ್ಸಿಗೆ ಕೈಹಾಕಿದವರು ವ್ಯಾಕರಣಕ್ಕೂ ಇಳಿದರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ಅವರ ಸಂಪಾದನೆಯಲ್ಲಿ ಬಂದವು. ಕೊನೆಗೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಎರಡು ವರ್ಷಗಳ ನಂತರ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು.

ಕಿಟ್ಟೆಲರು ತಮ್ಮ ನಂಬಿಕೆಯನ್ನು ಬದಿಗಿಟ್ಟವರಲ್ಲ. ಹಿಂದೂ ಆಚರಣೆಗಳನ್ನು ವಿಮರ್ಶಿಸಿ ಬರೆದದ್ದೂ ಉಂಟು. ಅವರು ಬಂದದ್ದೇ ಧರ್ಮ ಸಾರಲು. ಆದರೆ ಪದವೊಂದರ ಅರ್ಥ ಹಿಡಿಯಲು ರೈತನ ಬಾಯಿಮಾತು, ಪಂಡಿತನ ಓಲೆಗರಿ, ಗಾದೆ, ವಚನ, ಪುರಾಣ ಎಲ್ಲದರ ಬಳಿಗೂ ವಿದ್ಯಾರ್ಥಿಯಂತೆ ಹೋದರು. ಎದುರಿನವನ ಮಾತಿಗೆ ಅರ್ಥವಿದೆ ಎಂದು ನಂಬದವನು ನಿಘಂಟು ಬರೆಯಲಾರ. ಕಿಟ್ಟೆಲರ ಕೋಶವನ್ನು ಮುಂದೆ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದರು. ಅದು ಮದರಾಸು ವಿಶ್ವವಿದ್ಯಾಲಯದಿಂದ 1968ರಿಂದ 1971ರ ನಡುವೆ ನಾಲ್ಕು ಸಂಪುಟಗಳಲ್ಲಿ ಬಂತು. ಇಂದು ಆ ನಿಘಂಟನ್ನು ತೆರೆಯುವ ಕನ್ನಡಿಗ ಯಾವ ಮತದವನಾದರೂ ಆಗಬಹುದು.

ಬೆತ್ಲೆಹೇಮಿನ ವಿನಂತಿ

ವಿದೇಶೀಯರ ಕಥೆ ಇಷ್ಟಾದರೆ, ಇದೇ ನೆಲದಲ್ಲಿ ಹುಟ್ಟಿದ ಕ್ರೈಸ್ತನಿಗೆ ಪ್ರಶ್ನೆ ಇನ್ನೂ ಹತ್ತಿರದ್ದು. ಅವನು ಮಾತನಾಡಬೇಕಾದ್ದು ಅನ್ಯರೊಡನೆ ಅಲ್ಲ, ತನ್ನವರೊಡನೆ. ಇದಕ್ಕೆ ಅತ್ಯುತ್ತಮ ಉತ್ತರ ಕೊಟ್ಟವರು ರೆವರೆಂಡ್ ಉತ್ತಂಗಿ ಚನ್ನಪ್ಪ.

ಚನ್ನಪ್ಪನವರು 1881ರ ಅಕ್ಟೋಬರ್ 28ರಂದು ಧಾರವಾಡದಲ್ಲಿ ಹುಟ್ಟಿದರು. ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿ ಅವರ ಮೂಲ ಊರು. ಬಾಸೆಲ್ ಮಿಷನ್ನಿನಲ್ಲಿ ದೇವಶಾಸ್ತ್ರ ಓದಿ ಬೋಧಕರಾದ ಅವರಿಗೆ ಸಭೆಯ ಕೆಲಸದಷ್ಟೇ ಪ್ರಿಯವಾದದ್ದು ಜನರ ಬಾಯಲ್ಲಿದ್ದ ತ್ರಿಪದಿಗಳು. ಊರೂರು ಅಲೆದು, ಹಸ್ತಪ್ರತಿ ಹುಡುಕಿ, ಹಾಡುವವರಿಂದ ಕೇಳಿ ಬರೆದುಕೊಂಡು 1924ರಲ್ಲಿ 'ಸರ್ವಜ್ಞನ ವಚನಗಳು' ಎಂಬ ಸಂಪುಟವನ್ನು ಹೊರತಂದರು. ಕನ್ನಡಿಗರ ನಾಲಿಗೆಯ ಮೇಲಿದ್ದ ಸರ್ವಜ್ಞ ಪುಸ್ತಕದಲ್ಲಿ ನೆಲೆ ಕಂಡದ್ದು ಹೀಗೆ, ಪಾದ್ರಿಯೊಬ್ಬರ ಜೋಳಿಗೆಯಿಂದ. ಶರಣರ ವಚನಗಳ ಸಂಪಾದನೆ, ಅನುಭವ ಮಂಟಪದ ಐತಿಹಾಸಿಕತೆಯ ಚರ್ಚೆ, ಸಿದ್ಧರಾಮನ ಸಾಹಿತ್ಯದ ಸಂಗ್ರಹ ಇವೆಲ್ಲ ಅವರ ಕೆಲಸಗಳೇ. 'ತಿರುಳ್ಗನ್ನಡದ ತಿರುಕ' ಎಂಬುದು ಅವರಿಗೆ ಸಂದ ಹೆಸರು.

ಅವರ ಒಂದು ಕೃತಿಯ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ಹೆಸರನ್ನೇ ಗಮನಿಸಿ. ಬೆತ್ಲೆಹೇಮು ಯೇಸು ಹುಟ್ಟಿದ ಸಣ್ಣ ಊರು. ಬನಾರಸು ಹಿಂದೂಗಳ ಪುಣ್ಯನಗರ. ಸಣ್ಣ ಊರು ದೊಡ್ಡ ಊರಿನ ಬಾಗಿಲಲ್ಲಿ ನಿಂತು ಆಜ್ಞೆ ಮಾಡುತ್ತಿಲ್ಲ, ಸವಾಲು ಹಾಕುತ್ತಿಲ್ಲ. ವಿನಂತಿ ಮಾಡುತ್ತಿದೆ. ಖಂಡನೆಯ ಭಾಷೆಯಿಂದ ವಿನಂತಿಯ ಭಾಷೆಗೆ ಕನ್ನಡ ಕ್ರೈಸ್ತ ಬರಹ ಹೊರಳಿದ್ದನ್ನು ಈ ಶೀರ್ಷಿಕೆಗಿಂತ ಚೆನ್ನಾಗಿ ಹೇಳಲಾಗದು. ವಿನಂತಿಯಲ್ಲಿ ಎರಡು ಗುಣಗಳಿವೆ. ಕೇಳುವವನಿಗೆ ಇಲ್ಲ ಎನ್ನುವ ಹಕ್ಕಿದೆ ಎಂದು ಅದು ಒಪ್ಪುತ್ತದೆ; ಅದೇ ಗೌರವ. ಹಾಗಿದ್ದೂ ಕೇಳುವುದನ್ನು ಬಿಡುವುದಿಲ್ಲ, ಅದೇ ನಿರೀಕ್ಷೆ.

ಇದೇ ಕಾಲಕ್ಕೆ ಪಕ್ಕದ ಮರಾಠಿಯಲ್ಲೂ ಇಂಥದೇ ದನಿ ಎದ್ದಿತ್ತು. 1895ರಲ್ಲಿ ಕ್ರೈಸ್ತರಾದ ಕವಿ ನಾರಾಯಣ ವಾಮನ ಟಿಳಕ್ ತಮ್ಮ ಭಕ್ತಿಯನ್ನು ಹೇಳಿಕೊಳ್ಳಲು ಆರಿಸಿಕೊಂಡದ್ದು ಜ್ಞಾನೇಶ್ವರ, ತುಕಾರಾಮರ ಅಭಂಗದ ದಾರಿಯನ್ನು. ಮತ ಬದಲಾದರೂ ತಾಯ ಹಾಡು ಬದಲಾಗಬೇಕಿಲ್ಲ ಎಂದು ಅವರ ಬದುಕು ತೋರಿತು.

ಉತ್ತಂಗಿಯವರ ವಿನಂತಿಗೆ ಕನ್ನಡ ಜನ ಹೇಗೆ ಪ್ರತಿಕ್ರಿಯಿಸಿದರು? 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠಕ್ಕೆ ಅವರನ್ನು ಕರೆದು ಕೂರಿಸಿದರು. ಕನ್ನಡಿಗರೆಲ್ಲ ಕ್ರೈಸ್ತರಾಗಲಿಲ್ಲ, ಚನ್ನಪ್ಪನವರು ಕ್ರೈಸ್ತರಾಗಿಯೇ ಉಳಿದರು. ಆದರೂ ಕೊಟ್ಟ ತಟ್ಟೆ ಬರಿದಾಗಿ ಮರಳಲಿಲ್ಲ. 1962ರ ಆಗಸ್ಟ್ 28ರಂದು ಅವರು ತೀರಿಕೊಂಡಾಗ ಕನ್ನಡ ಸಾಹಿತ್ಯ ಲೋಕ ತನ್ನವರೊಬ್ಬರನ್ನು ಕಳೆದುಕೊಂಡಿತ್ತು.

ಮೈಸೂರು ಕೊಟ್ಟ ಉತ್ತರ

ಮೈಸೂರು ನಗರದಲ್ಲಿ ಈ ಸಂವಾದ ಪುಸ್ತಕಗಳಿಗಿಂತ ಹೆಚ್ಚಾಗಿ ಸಂಸ್ಥೆಗಳ ಮೂಲಕ ನಡೆಯಿತು. ಇಲ್ಲಿ ಕೆಲಸ ಮಾಡಿದ್ದು ಮುಖ್ಯವಾಗಿ ವೆಸ್ಲಿಯನ್ ಮಿಷನ್. 1887ರಲ್ಲಿ ಅದು ಆರಂಭಿಸಿದ 'ವೃತ್ತಾಂತ ಪತ್ರಿಕೆ' ಹಳೆಯ ಮೈಸೂರಿನ ಮನೆಗಳಲ್ಲಿ ಚಿರಪರಿಚಿತವಾಗಿತ್ತು. ಅದೇ ಊರಿನಲ್ಲಿ 'ವೃತ್ತಾಂತ ಚಿಂತಾಮಣಿ', 'ಸಾಧ್ವಿ' ಪತ್ರಿಕೆಗಳನ್ನು ನಡೆಸಿದವರು ತಾತಯ್ಯ ಎಂದು ಹೆಸರಾದ ಎಂ. ವೆಂಕಟಕೃಷ್ಣಯ್ಯ. ಮಿಷನ್ನಿನವರು ಶಾಲೆ ತೆರೆದರೆ ಊರಿನವರೂ ತೆರೆದರು. ದಿಕ್ಕಿಲ್ಲದ ಮಕ್ಕಳಿಗಾಗಿ ತಾತಯ್ಯನವರು ಅನಾಥಾಲಯ ಕಟ್ಟಿದರು. ಸೇವೆಗೆ ಸೇವೆಯೇ ಉತ್ತರವಾಯಿತು. ಇದರಲ್ಲಿ ಪೈಪೋಟಿ ಇರಲಿಲ್ಲ ಎನ್ನಲಾಗದು. ಆದರೆ ಬೈಗುಳದ ಪೈಪೋಟಿಗಿಂತ ಇದು ಮೇಲು, ಲಾಭವಾದದ್ದು ಊರಿಗೆ.

1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಮೈಸೂರಿಗರ ಬಾಯಲ್ಲಿ ಇಂದಿಗೂ 'ಮಿಷನ್ ಆಸ್ಪತ್ರೆ'. ಗಂಡು ವೈದ್ಯರ ಬಳಿ ಹೋಗಲು ಹೆಂಗಸರು ಹಿಂಜರಿಯುತ್ತಿದ್ದ ಕಾಲದಲ್ಲಿ ಅವರಿಗಾಗಿ, ಮಕ್ಕಳಿಗಾಗಿ ತೆರೆದ ಆಸ್ಪತ್ರೆ ಅದು. ಸೇವೆಯನ್ನು ಗಾಳದ ಹುಳುವಾಗಿ ಬಳಸಬಾರದೆಂಬ ಟೀಕೆ ಮಿಷನ್ ಸಂಸ್ಥೆಗಳ ಮೇಲೆ ಇದ್ದೇ ಇತ್ತು. ಗಾಂಧೀಜಿಯವರು ಇದನ್ನು ನೇರವಾಗಿಯೇ ಹೇಳಿದ್ದರು. ಕ್ರೈಸ್ತಧರ್ಮ ಭಾರತಕ್ಕೆ ಒಗ್ಗಬೇಕಾದರೆ ಏನು ಮಾಡಬೇಕೆಂದು ಅಮೆರಿಕದ ಬೋಧಕ ಸ್ಟ್ಯಾನ್ಲಿ ಜೋನ್ಸ್ ಕೇಳಿದಾಗ, ನೀವು ಮೊದಲು ಯೇಸುವಿನಂತೆ ಬದುಕಿ ಎಂಬರ್ಥದ ಸಲಹೆ ಕೊಟ್ಟರು. ನೆರೆಯವರ ಧರ್ಮಗಳನ್ನು ಸಹಾನುಭೂತಿಯಿಂದ ಓದಿ ಎಂದೂ ಸೇರಿಸಿದರು. ಇದು ಪೇತ್ರನ ಷರತ್ತಿಗೆ ಒಬ್ಬ ಹಿಂದೂ ಬರೆದ ಭಾಷ್ಯದಂತಿದೆ.

ಕೇಳುವವರ ಕಡೆಯಿಂದ ಗೌರವ ತೋರಿದ ಉದಾಹರಣೆಗೂ ಮೈಸೂರಿನಲ್ಲಿ ಕೊರತೆಯಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ ಎದ್ದ ಚರ್ಚಿನ ಜಾಗದಲ್ಲೇ ಈಗಿನ ಸಂತ ಫಿಲೋಮಿನಾ ಚರ್ಚು ನಿಂತಿದೆ. 1933ರ ಅಕ್ಟೋಬರ್ 28ರಂದು ಇದಕ್ಕೆ ಶಂಕುಸ್ಥಾಪನೆ ಮಾಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಚಾಮುಂಡೇಶ್ವರಿಯ ಪರಮಭಕ್ತರಾದ ಅರಸರು ಚರ್ಚಿಗೆ ಕಲ್ಲಿಟ್ಟರು. ಅದರಿಂದ ಅರಸರ ಭಕ್ತಿಗೆ ಕುಂದೇನೂ ಬರಲಿಲ್ಲ. 175 ಅಡಿ ಎತ್ತರದ ಅದರ ಜೋಡಿ ಗೋಪುರಗಳು ಚಾಮುಂಡಿ ಬೆಟ್ಟದ ಮೇಲಿನಿಂದಲೂ ಕಾಣುತ್ತವೆ.

ಒಂದು ಪದದ ಚರ್ಚೆ

ಸ್ವತಂತ್ರ ಭಾರತ ತನ್ನ ಸಂವಿಧಾನ ಬರೆಯಲು ಕುಳಿತಾಗ ಇದೇ ಪ್ರಶ್ನೆ ಮತ್ತೆ ಎದ್ದಿತು. ಧರ್ಮವನ್ನು ನಂಬುವ, ಆಚರಿಸುವ ಹಕ್ಕಿನ ಬಗೆಗೆ ತಕರಾರು ಇರಲಿಲ್ಲ. ತಕರಾರು ಬಂದದ್ದು 'ಪ್ರಚಾರ' ಎಂಬ ಪದಕ್ಕೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಇದರ ಮೇಲೆ ಬಿಸಿಬಿಸಿ ಚರ್ಚೆಯಾಯಿತು. ಆ ಪದವನ್ನು ತೆಗೆಯಬೇಕೆಂದವರು ಇದ್ದರು. ಕೆ.ಎಂ. ಮುನ್ಷಿ, ಟಿ.ಟಿ. ಕೃಷ್ಣಮಾಚಾರಿ ಅದನ್ನು ಉಳಿಸುವ ಪರ ಮಾತನಾಡಿದರು. ಕೊನೆಗೆ 25ನೇ ವಿಧಿಯಲ್ಲಿ ಪದ ಉಳಿಯಿತು.

1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಪದಕ್ಕೆ ಗಡಿ ಗುರುತಿಸಿತು. ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡುವ ಹಕ್ಕು ಇದೆ, ಇನ್ನೊಬ್ಬನನ್ನು ಮತಾಂತರಿಸುವುದೇ ಒಂದು ಹಕ್ಕಲ್ಲ ಎಂಬುದು ತೀರ್ಪಿನ ಸಾರ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರದ ಮೇಲೆ ನಿರ್ಬಂಧ ಹೇರುವ ಕಾಯ್ದೆ ಬಂತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಈ ಹಗ್ಗಜಗ್ಗಾಟದ ನಡುವೆ ಸಾಮಾನ್ಯ ಕ್ರೈಸ್ತನಿಗೆ ತನ್ನ ನಂಬಿಕೆಯ ಬಗೆಗೆ ಬಾಯಿ ತೆರೆಯಲೇ ಅಳುಕು. ಸಾಮಾನ್ಯ ಹಿಂದೂವಿಗೆ ಕೇಳಲು ಅನುಮಾನ. ಬಲವಂತ, ಆಮಿಷಗಳನ್ನು ಕಾನೂನು ತಡೆಯಬಹುದು. ಆದರೆ ಇಬ್ಬರು ನೆರೆಯವರ ನಡುವಿನ ಮಾತಿಗೆ ಬೇಕಾದ ಹದವನ್ನು ಯಾವ ಕಾನೂನೂ ಕಲಿಸಲಾರದು.

ಆ ಹದವನ್ನು ಕಲಿಸುವುದು ಚರಿತ್ರೆ. ದುಬೊಯ್ ಅವರ ಬಳಿ ತ್ಯಾಗವಿತ್ತು, ಗೌರವದ ಕೊರತೆಯಿತ್ತು, ನಿರೀಕ್ಷೆ ಬತ್ತಿತು. ಸಂತೆಯ ಬೋಧಕರ ಬಳಿ ಉತ್ಸಾಹವಿತ್ತು, ಕೇಳುವ ತಾಳ್ಮೆಯಿರಲಿಲ್ಲ, ಗದ್ದಲ ಉಳಿಯಿತು. ಮೊಗ್ಲಿಂಗ್, ಕಿಟ್ಟೆಲ್, ಉತ್ತಂಗಿ ಎದುರಿನವರ ಮಾತನ್ನು ಕೇಳಿದ ಹೊತ್ತಿನಲ್ಲಿ ಮಾಡಿದ ಕೆಲಸ ಎರಡೂ ಕಡೆಯವರ ಸೊತ್ತಾಯಿತು. ಎಷ್ಟು ಜನ ಮತ ಬದಲಿಸಿದರು ಎಂಬ ಲೆಕ್ಕ ಮಿಷನ್ನಿನ ಹಳೆಯ ವರದಿಗಳಲ್ಲಿ ಧೂಳು ಹಿಡಿದಿದೆ. ದಾಸರ ಪದ, ನಿಘಂಟು, ಸರ್ವಜ್ಞನ ತ್ರಿಪದಿ ಮಾತ್ರ ಮನೆಮನೆಯಲ್ಲಿವೆ.

ಸರಸ್ವತಿಪುರಂನ ಪುಸ್ತಕದ ಕಪಾಟುಗಳಲ್ಲೂ ಇವು ಇರುತ್ತವೆ. ಒಂದೇ ಗೋಡೆಯ ಆಚೆ ಈಚೆ ಇರುವ ಎರಡು ಮನೆಗಳಲ್ಲಿ, ಒಂದರಲ್ಲಿ ಶಾರದೆಯ ಪಟದ ಕೆಳಗೆ, ಇನ್ನೊಂದರಲ್ಲಿ ಶಿಲುಬೆಯ ಕೆಳಗೆ, ಅದೇ ಸರ್ವಜ್ಞ ಇರಬಹುದು. ಡಿಸೆಂಬರಿನಲ್ಲಿ ಪಕ್ಕದ ಮನೆಯ ಮಗು ನಕ್ಷತ್ರ ತೋರಿಸಿ ಪ್ರಶ್ನೆ ಕೇಳಿದರೆ ಗಾಬರಿಯಾಗಬೇಕಿಲ್ಲ. ಮಗುವನ್ನು ಕೂರಿಸಿಕೊಂಡು, ಜಾಗ ಸಿಗದ ಬಡ ದಂಪತಿಗೆ ಕೊಟ್ಟಿಗೆಯಲ್ಲಿ ಮಗು ಹುಟ್ಟಿದ ಕಥೆ ಹೇಳಬಹುದು. ಹೇಳಿ ಮುಗಿದ ಮೇಲೆ ಕೃಷ್ಣ ಸೆರೆಮನೆಯಲ್ಲಿ ಹುಟ್ಟಿದ ಕಥೆಯನ್ನು ಆ ಮಗುವಿನಿಂದ ಕೇಳಬಹುದು.